ಬಿಳಿ ಮಚ್ಚೆ: ಟ್ಯೂಬಿಗಿಂತ ಮೊದಲು ಉಗುರು, ಹತ್ತಿ, ದೀಪ

ಆರಿದ್ರಾ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯಿಂದ ಮೈಮೇಲೆ ಬಿಳಿ ಮಚ್ಚೆ ಎದ್ದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಕೇಳುವುದು ಒಂದೇ ಮಾತು: “ಡಾಕ್ಟ್ರೇ, ಇದು ತೊನ್ನಲ್ಲ ತಾನೆ?” ಮಳೆಗಾಲದಲ್ಲಿ ಬರುವ ಹೆಚ್ಚಿನವರಿಗೆ ಇರುವುದು ತೊನ್ನಲ್ಲ, ಶಿಲೀಂಧ್ರದಿಂದಾಗುವ ಚಿಬ್ಬು. ಆದರೆ ಬಿಳುಪು ಒಂದೇ ಕಾಯಿಲೆಯ ಗುರುತಲ್ಲ. ಚಿಬ್ಬು, ತೊನ್ನು, ಮಕ್ಕಳ ಕೆನ್ನೆಯ ಒಣ ಕಲೆ, ಕುಷ್ಠ, ಸ್ಟಿಕರ್ ಬಿಂದಿಯ ಅಂಟಿನಿಂದಾದ ಕಲೆ ಎಲ್ಲವೂ ಬೆಳ್ಳಗೇ ಕಾಣುತ್ತವೆ. ಒಂದಕ್ಕೆ ಒಗ್ಗಿದ್ದು ಇನ್ನೊಂದನ್ನು ಕೆರಳಿಸುತ್ತದೆ. ಕೊಬ್ಬರಿ ಎಣ್ಣೆಯನ್ನೇ ತಗೊಳ್ಳಿ: ಮಗುವಿನ ಕೆನ್ನೆಯ ಕಲೆಗೆ ಅದು ಔಷಧಿ, ಬೆನ್ನಿನ ಚಿಬ್ಬಿಗೆ ಅದೇ ಮೇವು.

ಹಾಗಾಗಿ ಚೀಟಿ ಬರೆಯುವ ಮೊದಲು ಅಂಗಿ ಬಿಚ್ಚಿಸಿ ಕಿಟಕಿ ಬೆಳಕಿನಲ್ಲಿ ನೋಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಾದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಬೋರ್ಡೋ ದ್ರಾವಣದ ಸುಣ್ಣದ ಹನಿ ಒಣಗಿ ಕೂತಿದ್ದರೂ ಮಚ್ಚೆಯಂತೆಯೇ ಕಾಣುತ್ತದೆ. ನೋಡಬೇಕಾದದ್ದು ಬಿಳುಪಿನ ಬಗೆ. ಹಾಲು ಬಿಳುಪೋ, ಮಾಸಲು ಬಿಳುಪೋ? ಅಂಚು ಗೆರೆ ಎಳೆದ ಹಾಗಿದೆಯೋ, ಸುತ್ತಲಿನ ಚರ್ಮದಲ್ಲಿ ಕರಗಿಹೋಗಿದೆಯೋ?

ಆಮೇಲೆ ಉಗುರಿನಿಂದ, ಇಲ್ಲವೇ ಗಾಜಿನ ಸ್ಲೈಡಿನ ಅಂಚಿನಿಂದ ಮಚ್ಚೆಯ ಮೇಲೆ ಹಗುರವಾಗಿ ಒಂದು ಗೆರೆ. ಚಿಬ್ಬಾದರೆ ಹಿಟ್ಟಿನಂಥ ನುಣ್ಣನೆಯ ಹೊಟ್ಟು ಏಳುತ್ತದೆ. ಕೆರೆಯುವ ಮುಂಚೆ ಹೊಟ್ಟು ಕಣ್ಣಿಗೆ ಬೀಳದಿರಬಹುದು, ಕೆರೆದ ಕೂಡಲೇ ಗೆರೆಯುದ್ದಕ್ಕೂ ಕಾಣುತ್ತದೆ. ಆಸ್ಪತ್ರೆಗೆ ಹೋಗುವುದೆಂದು ಬೆಳಿಗ್ಗೆ ಚೆನ್ನಾಗಿ ತಿಕ್ಕಿ ಸ್ನಾನ ಮಾಡಿ ಬಂದವರಲ್ಲಿ ಈ ಗುರುತೇ ತೊಳೆದುಹೋಗಿರುತ್ತದೆ. ಅದಕ್ಕೇ ಸ್ನಾನ ಮಾಡದೆ, ಏನೂ ಹಚ್ಚದೆ ಬನ್ನಿ ಎಂದು ಮೊದಲೇ ಹೇಳಿಬಿಡುತ್ತೇನೆ.

ಅನುಮಾನ ಉಳಿದರೆ ಆ ಹೊಟ್ಟನ್ನು ಸ್ಲೈಡಿನ ಮೇಲೆ ಉದುರಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ, ಕವರ್ ಸ್ಲಿಪ್ ಮುಚ್ಚಿ ಹತ್ತು ನಿಮಿಷ ಬಿಡುತ್ತೇನೆ. ಚರ್ಮದ ಕೋಶಗಳು ಕರಗಿ ತಿಳಿಯಾದ ಮೇಲೆ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಸ್ಪಷ್ಟವಾಗಿ ಕಾಣುತ್ತದೆ: ಒತ್ತು ಶಾವಿಗೆಯ ಚಿಕ್ಕ ತುಂಡುಗಳ ನಡುವೆ ಸಾಬಕ್ಕಿ ಚೆಲ್ಲಿದ ಹಾಗೆ. ಹೆಸರು ಮಲಸೇಜಿಯ.

ಅತಿನೇರಳೆ ಬೆಳಕು ಬೀರುವ ವುಡ್ಸ್ ದೀಪ ಇದ್ದರೆ ಕೋಣೆಯನ್ನು ಪೂರ್ತಿ ಕತ್ತಲೆ ಮಾಡಿ ಹಿಡಿಯಬೇಕು. ಚಿಬ್ಬು ಹಳದಿ ಛಾಯೆಯಲ್ಲಿ ಹೊಳೆಯಬಹುದು, ತೊನ್ನು ನೀಲಿ ಬೆರೆತ ಬಿಳಿಯಾಗಿ ಬೆಳಗುತ್ತದೆ. ಸೋಪಿನ ಪುಡಿ, ವ್ಯಾಸಲೀನ್, ಬನಿಯನ್ನಿನ ನೂಲು ಸಹ ಹೊಳೆಯುತ್ತವೆ. ಅವನ್ನು ಕಂಡು ಮೋಸಹೋಗಬಾರದು.

ಚಿಬ್ಬಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಔಷಧಿ ಸುಲಭವಿದ್ದರೂ ವಾಸಿಯಾಗಿಲ್ಲ ಎಂಬ ದೂರು ಬರುವುದು ಇದರಲ್ಲೇ ಹೆಚ್ಚು. ಈ ಶಿಲೀಂಧ್ರ ಹೊರಗಿನಿಂದ ಅಂಟಿದ್ದಲ್ಲ, ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಮೈಯ ಜಿಡ್ಡೇ ಅದರ ಆಹಾರ. ತೋಟದಲ್ಲಿ ಪ್ಲಾಸ್ಟಿಕ್ ಕೊಪ್ಪೆಯೊಳಗೆ ದಿನವಿಡೀ ಬೆವರುವುದು, ಮೂರು ದಿನವಾದರೂ ಒಣಗದ ಬನಿಯನ್ ಹಾಕಿಕೊಳ್ಳುವುದು, ಮೇಲಿಂದ ಎಣ್ಣೆ ತಿಕ್ಕುವುದು, ಇಷ್ಟಾದರೆ ಅದು ಹಬ್ಬುತ್ತದೆ. ಬಟ್ಟೆಯನ್ನು ಬಚ್ಚಲ ಒಲೆಯ ಮೇಲಾದರೂ ಸರಿ, ಪೂರ್ತಿ ಒಣಗಿಸಿಯೇ ಹಾಕಿಕೊಳ್ಳಿ. ಮನೆಯವರ ಟವೆಲ್, ಹಾಸಿಗೆ ಬೇರೆ ಮಾಡಬೇಕಿಲ್ಲ.

ಚಿಕಿತ್ಸೆಗೆ ಶೇಕಡಾ 2ರ ಕೀಟೋಕೊನಜೋಲ್ ಶಾಂಪೂ. ಮೈ ಒದ್ದೆ ಮಾಡಿಕೊಂಡು ಕುತ್ತಿಗೆಯಿಂದ ಸೊಂಟದವರೆಗೆ, ತೋಳು ಮೊಣಕೈವರೆಗೆ, ಮಚ್ಚೆ ಇರುವಲ್ಲೂ ಇಲ್ಲದಲ್ಲೂ ಹಚ್ಚಿ ನೊರೆ ಬರಿಸಬೇಕು. ತಲೆಗೂ ಹಾಕಿ. ಗಡಿಯಾರ ನೋಡಿಕೊಂಡು ಐದು ನಿಮಿಷ ಬಿಟ್ಟು ತೊಳೆಯಬೇಕು. ದಿನಕ್ಕೊಮ್ಮೆ, ಐದು ದಿನ. ಇಲ್ಲಿ ಆಗುವ ತಪ್ಪು ಎರಡು: ಸೋಪಿನಂತೆ ಹಚ್ಚಿದ ಕೂಡಲೇ ನೀರು ಹೊಯ್ಯುವುದು, ಕಾಣುವ ಮಚ್ಚೆಗೆ ಮಾತ್ರ ಹಚ್ಚುವುದು. ಬೆನ್ನಿನ ನಡುವೆ ಕೈ ಎಟುಕುವುದಿಲ್ಲ, ಮನೆಯವರಿಂದ ಹಚ್ಚಿಸಿಕೊಳ್ಳಿ. ಮಚ್ಚೆ ಅಂಗೈಯಗಲದಷ್ಟೇ ಇದ್ದರೆ ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮು ದಿನಕ್ಕೆರಡು ಸಲ, ಎರಡರಿಂದ ನಾಲ್ಕು ವಾರ.

ತುಂಬಾ ಹಬ್ಬಿದ್ದರೆ ಇಟ್ರಾಕೊನಜೋಲ್ 200 ಮಿಲಿಗ್ರಾಂ, ದಿನಕ್ಕೊಮ್ಮೆ, 7 ದಿನ. ಈ ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ನುಂಗಬೇಕು. ಗ್ಯಾಸಿನ ಮಾತ್ರೆ ಜೊತೆಗಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹೃದಯ ದುರ್ಬಲವಾದವರಿಗೆ, ಲಿವರ್ ತೊಂದರೆ ಇರುವವರಿಗೆ, ಬಸುರಿಯರಿಗೆ ನಾನು ಕೊಡುವುದಿಲ್ಲ; ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್ ಮಾತ್ರೆ ಚಿಬ್ಬಿಗೆ ಕೆಲಸ ಮಾಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಶಿಲೀಂಧ್ರ ವಾರದಲ್ಲಿ ಸಾಯುತ್ತದೆ, ಬಣ್ಣ ಮರಳಲು ಎರಡು ಮೂರು ತಿಂಗಳು ಬೇಕು. ಅದು ಚರ್ಮದ ಬಣ್ಣ ತಯಾರಾಗುವುದನ್ನೇ ತಡೆದಿರುತ್ತದೆ. ಹದಿನೈದು ದಿನ ಕಳೆದರೂ ಬಿಳುಪು ಹೋಗಲಿಲ್ಲವೆಂದು ಅಂಗಡಿಯಲ್ಲಿ ಸ್ಟೀರಾಯ್ಡ್ ಬೆರೆತ ಟ್ಯೂಬ್ ಕೇಳಿ ತಂದು ಹಚ್ಚಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಆ ಮುಲಾಮಿನಿಂದಲೇ ಇನ್ನಷ್ಟು ಬೆಳ್ಳಗಾಗುತ್ತದೆ. ಮತ್ತೆ ಗೆರೆ ಎಳೆದು ನೋಡಿ. ಹೊಟ್ಟು ಏಳದಿದ್ದರೆ ಚಿಬ್ಬು ಸತ್ತಿದೆ, ಔಷಧಿ ಬೇಡ, ಕಾಯಬೇಕು. ಪ್ರತಿ ವರ್ಷ ಮರುಕಳಿಸುವವರು ಮೃಗಶಿರ ಮಳೆಗೆ ಮುಂಚೆ ಮೂರು ದಿನ ಶಾಂಪೂ ಹಾಕಿ, ಆಮೇಲೆ ತಿಂಗಳಿಗೊಂದು ಸಲದಂತೆ ಅಡಿಕೆ ಕೊಯ್ಲಿನವರೆಗೂ ಮುಂದುವರಿಸಬೇಕು.

ಮಕ್ಕಳ ಕೆನ್ನೆಯ ಮಾಸಲು ಕಲೆಗೆ ಹೊಟ್ಟೆಹುಳ ಕಾರಣವಲ್ಲ, ಕ್ಯಾಲ್ಸಿಯಂ ಕೊರತೆಯೂ ಅಲ್ಲ. ಜಂತುಹುಳದ ಮಾತ್ರೆ ಹುಳಕ್ಕಾಗಿ ಕೊಡಿ, ಕಲೆಗಾಗಿ ಬೇಡ. ಇದು ಒಣ ಚರ್ಮದ ಹಗುರವಾದ ಎಕ್ಸಿಮಾ. ಮುಖ ತೊಳೆದು ಒತ್ತಿ ಒರೆಸಿ, ತೇವ ಆರುವ ಮುಂಚೆಯೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ, ದಿನಕ್ಕೆರಡು ಸಲ. ಕೆಂಪಾಗಿ ತುರಿಕೆ ಇದ್ದರೆ ಮಾತ್ರ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಒಂದು ವಾರ, ಆಮೇಲೆ ನಿಲ್ಲಿಸಲೇಬೇಕು. ಬೇಸಿಗೆಯಲ್ಲಿ ಸುತ್ತಲಿನ ಚರ್ಮ ಕಪ್ಪಾಗಿ ಕಲೆ ಎದ್ದು ಕಾಣುತ್ತದೆ, ಹೆಚ್ಚಾಯಿತೆಂದು ಗಾಬರಿ ಬೇಡ.

ಹಣೆಯ ನಡುವೆ ಬಿಂದಿಯಷ್ಟೇ ದುಂಡಗೆ ಬೆಳ್ಳಗಾಗಿದ್ದರೆ ಅದು ಸ್ಟಿಕರಿನ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕದ ಕೆಲಸವಿರಬಹುದು. ಹವಾಯಿ ಚಪ್ಪಲಿಯ ಪಟ್ಟಿಯ ಆಕಾರದಲ್ಲೇ ಪಾದ ಬೆಳ್ಳಗಾಗುವುದೂ ಇಂಥದ್ದೇ. ರಬ್ಬರ್, ಅಂಟುಗಳಲ್ಲಿ ಬಣ್ಣದ ಕೋಶಗಳನ್ನು ಕೊಲ್ಲುವ ವಸ್ತುಗಳಿರುತ್ತವೆ. ಹಾಕುವುದನ್ನು ಅಂದೇ ಬಿಡಬೇಕು. ಅದನ್ನು ಬಿಡದೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ.

ಹೊಟ್ಟಿಲ್ಲದ, ಮಾಸಲು ಬಿಳುಪಿನ, ಕೂದಲು ಉದುರಿ ಬೆವರದೆ ಒಣಗಿರುವ ಮಚ್ಚೆ ಕಂಡರೆ ಹತ್ತಿ ತೆಗೆಯುತ್ತೇನೆ. ಹತ್ತಿಯ ತುದಿಯನ್ನು ಬತ್ತಿಯಂತೆ ಹೊಸೆದು, ಮೊದಲು ಕಣ್ಣು ತೆರೆದಿರುವಾಗಲೇ ಒಳ್ಳೆಯ ಚರ್ಮಕ್ಕೆ ತಾಗಿಸಿ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಿ, ಮುಟ್ಟಿದ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಹೇಳಬೇಕು. “ಮುಟ್ಟಿದೆನಾ?” ಎಂದು ಕೇಳಬಾರದು, ಕೇಳಿದರೆ ಹೂಂ ಎಂದುಬಿಡುತ್ತಾರೆ. ಹತ್ತಿಯನ್ನು ಎಳೆಯಲೂಬಾರದು, ಸುಮ್ಮನೆ ತಾಗಿಸಿ ತೆಗೆಯಬೇಕು. ಮಚ್ಚೆಯೊಳಗೆ ಗೊತ್ತಾಗದಿದ್ದರೆ ಕುಷ್ಠವೆಂದೇ ತಿಳಿದು ಮುಂದುವರಿಯುತ್ತೇನೆ. ಮುಖದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರಬಹುದು, ಅದಕ್ಕೆ ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಎರಡೂ ಕಡೆ ಹೋಲಿಸಿ ನೋಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತ, ರೋಗದ ಹರವು ನೋಡಿ 6 ಅಥವಾ 12 ತಿಂಗಳು. ಬೇಗ ಶುರುಮಾಡಿದರೆ ಕೈಕಾಲು ಊನವಾಗುವುದಿಲ್ಲ. ಇದನ್ನು ಮುಚ್ಚಿಟ್ಟುಕೊಂಡು ಬೆರಳು ಕಳೆದುಕೊಳ್ಳುವುದು ನೋಡಲಾಗದ ಸಂಕಟ.

ನಲವತ್ತು ದಾಟಿದವರ ಮುಂಗಾಲು, ಮುಂಗೈ ಮೇಲಿನ ಅಕ್ಕಿಕಾಳಿನಷ್ಟರ ಬಿಳಿ ಚುಕ್ಕಿಗಳು ವಯಸ್ಸಿನವು. ಹಾಗೇ ಬಿಡಿ.

ಇನ್ನು ತೊನ್ನು. ಹಾಲಿನಂಥ ಬಿಳುಪು, ಹೊಟ್ಟಿಲ್ಲ, ಸ್ಪರ್ಶ ಸರಿಯಾಗಿದೆ. ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳನ್ನು ಕೊಲ್ಲುತ್ತಿರುತ್ತದೆ. ಮೀನು ತಿಂದು ಹಾಲು ಕುಡಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಮುಟ್ಟಿದರೆ ಅಂಟುವುದಿಲ್ಲ. ಥೈರಾಯ್ಡ್ ತೊಂದರೆ ಜೊತೆಗಿರುವುದುಂಟು, ಅದಕ್ಕೆ ಟಿಎಸ್‌ಎಚ್ ಪರೀಕ್ಷೆ ಮಾಡಿಸುತ್ತೇನೆ. ಮೈಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಮುಲಾಮು ದಿನಕ್ಕೊಮ್ಮೆ, ತಿಂಗಳಲ್ಲಿ 15 ದಿನ ಹಚ್ಚಿ 15 ದಿನ ಬಿಡುವು, ಹೆಚ್ಚೆಂದರೆ ಆರು ತಿಂಗಳು. ಮುಖ, ಕುತ್ತಿಗೆಗೆ ಟ್ಯಾಕ್ರೋಲಿಮಸ್ ಶೇಕಡಾ 0.1, ಮಕ್ಕಳಿಗೆ 0.03, ದಿನಕ್ಕೆರಡು ಸಲ. ಮೊದಲ ವಾರ ಉರಿಯುತ್ತದೆ, ಆಮೇಲೆ ತಗ್ಗುತ್ತದೆ. ತೋರುಬೆರಳಿನ ಮೊದಲ ಗೆಣ್ಣಿನಷ್ಟು ಉದ್ದ ಹಿಂಡಿದರೆ ಎರಡು ಅಂಗೈಯಗಲಕ್ಕೆ ಸಾಕು.

ಹರಡಿದ್ದರೆ 311 ನ್ಯಾನೋಮೀಟರಿನ ನ್ಯಾರೋಬ್ಯಾಂಡ್ ಯುವಿಬಿ ಎಂಬ ಅತಿನೇರಳೆ ಬೆಳಕು, ವಾರಕ್ಕೆ ಎರಡು ಮೂರು ಸಲ, ನಡುವೆ ಒಂದು ದಿನವಾದರೂ ಬಿಟ್ಟು. 200 ಮಿಲಿಜೌಲ್‌ನಿಂದ ಶುರುಮಾಡಿ ಸಲಕ್ಕೆ ಶೇಕಡಾ 10ರಂತೆ ಏರಿಸುತ್ತೇನೆ. ಮಚ್ಚೆ ತುಸು ಗುಲಾಬಿಯಾಗಿ 24 ಗಂಟೆಯೊಳಗೆ ಇಳಿದರೆ ಅಳತೆ ಸರಿ. ಮರುದಿನವೂ ಉರಿ ಇದ್ದರೆ ಮುಂದಿನ ಸರದಿ ತಪ್ಪಿಸಿ ಅಳತೆ ಇಳಿಸಬೇಕು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ನಿಲ್ಲುವುದು ಅಳತೆಯಿಲ್ಲದ ಚಿಕಿತ್ಸೆ. ಮೋಡ ಕವಿದಿದೆಯೆಂದು ಹೆಚ್ಚು ಹೊತ್ತು ನಿಲ್ಲುತ್ತಾರೆ, ಆದರೆ ಬಾವಂಚಿಯನ್ನು ಕೆರಳಿಸುವ ಕಿರಣ ಮೋಡ ದಾಟಿ ಬರುತ್ತದೆ, ಒಂದೆರಡು ದಿನಕ್ಕೆ ಬೊಬ್ಬೆ.

ಬಣ್ಣ ಮರಳುವುದು ಕೂದಲಿನ ಬುಡದಿಂದ, ಸಾಸಿವೆಯಂಥ ಕಂದು ಚುಕ್ಕಿಗಳಾಗಿ. ಕೂದಲಿಲ್ಲದ ತುಟಿ, ಬೆರಳ ತುದಿಗಳಲ್ಲಿ, ಕೂದಲೂ ಬೆಳ್ಳಗಾದ ಮಚ್ಚೆಯಲ್ಲಿ ಮುಲಾಮು, ಬೆಳಕುಗಳಿಂದ ಹೆಚ್ಚೇನೂ ಆಗುವುದಿಲ್ಲ. ಒಂದು ವರ್ಷ ಮಚ್ಚೆ ಬೆಳೆಯದೆ ನಿಂತಿದ್ದರೆ ಚರ್ಮದ ಕಸಿ ಮಾಡಬಹುದು. ಮುಲಾಮು, ಬೆಳಕುಗಳಿಂದ ಕಂದು ಚುಕ್ಕಿ ಕಾಣಲು ಎರಡು ಮೂರು ತಿಂಗಳಾದರೂ ಬೇಕು, ಆರು ತಿಂಗಳೊಳಗೆ ಬಿಟ್ಟುಬಿಡಬಾರದು. ದಿನಾ ಕನ್ನಡಿ ನೋಡಿದರೆ ಬದಲಾವಣೆ ತಿಳಿಯುವುದಿಲ್ಲ. ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಮಚ್ಚೆಯ ಮೇಲಿಟ್ಟು, ಮಾರ್ಕರ್ ಪೆನ್ನಿನಿಂದ ಅಂಚು ಬರೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅದೇ ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಮತ್ತೆ ಬರೆಯಿರಿ. ಗೆರೆ ಒಳಗೆ ಬಂದಿದೆಯೋ ಹೊರಗೆ ಹೋಗಿದೆಯೋ ಎಂಬುದರ ಮೇಲೆಯೇ ಮುಂದಿನ ಔಷಧಿ ನಿರ್ಧಾರವಾಗುವುದು, ಬರುವಾಗ ಆ ಹಾಳೆ ತನ್ನಿ.