ಮೊದಲು ಕಾಲದ ತರಕಾರಿ, ಕೊನೆಗೆ ಅನ್ನ: ವರ್ಷವಿಡೀ ಅಳೆದು ನೋಡಿದ ಅನುಭವ

ಅನ್ನ ಬಿಡದೆ, ಹಣ್ಣು ಬಿಡದೆ ಶುಗರ್ ಇಳಿಸಬಹುದು ಅಂದಾಗ ನಂಬಿದವರು ಕಡಿಮೆ. ಆಯಾ ಕಾಲದಲ್ಲಿ ಬರುವ ತರಕಾರಿ ತಿನ್ನೋದು ಬಾಯಿಗೆ ಚೆಂದ, ರಿಪೋರ್ಟಿನಲ್ಲಿ ಕಾಣಲ್ಲ ಅಂತಲೇ ಬಹಳ ಜನರ ಮಾತು. ಹದಿಮೂರು ಹದಿನಾಲ್ಕು ತಿಂಗಳ ನಂತರ ನನ್ನ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.2ರಿಂದ 5.6ಕ್ಕೆ ಬಂದಿದೆ, ಮಾತ್ರೆಯಿಲ್ಲದೆ. 5.7ರಿಂದ 6.4ರವರೆಗೆ ಮಧುಮೇಹದ ಅಂಚು ಅನ್ನೋದು ಇದನ್ನು ಓದುವವರಿಗೆ ಗೊತ್ತೇ ಇರುತ್ತೆ. ತೂಕವೂ ನಾಲ್ಕು ಕೆಜಿಯಷ್ಟು ಇಳಿದಿದೆ, ಅದರ ಪಾಲೂ ಇದರಲ್ಲಿದೆ.

ಮಾಡಿದ್ದು ಇಷ್ಟೇ: ಊಟಕ್ಕೆ ಕೂತಾಗ ಮೊದಲು 200 ಗ್ರಾಂ ಕಾಲದ ತರಕಾರಿ, ಆಮೇಲೆ ಕಾಳು ಅಥವಾ ಮೊಟ್ಟೆ, ಕೊನೆಗೆ ಅನ್ನ. ಎದ್ದ ಮೇಲೆ ಹದಿನೈದು ನಿಮಿಷ ನಡಿಗೆ. ಅನ್ನ ಬೆಂದ ಮೇಲೆ ತೂಗಿ 150 ಗ್ರಾಂ, ಅಂದರೆ ಹೆಚ್ಚುಕಡಿಮೆ 42 ಗ್ರಾಂ ಪಿಷ್ಟ. ಅದೇ ತಟ್ಟೆ, ಅದೇ ಅಡುಗೆ. ಅನ್ನ ಮೊದಲು ತಿಂದ ದಿನ ಊಟ ಶುರುವಾದ ಒಂದು ಗಂಟೆಗೆ ರಕ್ತದ ಶುಗರ್ 165–170 (ಮಿ.ಗ್ರಾಂ/ಡೆಸಿಲೀಟರ್), ಕೊನೆಗೆ ತಿಂದ ದಿನ 140ರ ಆಸುಪಾಸು. ಮೊದಲು ಹೋದ ನಾರು ಮತ್ತು ಪ್ರೋಟೀನ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ.

ಈ ಸಂಖ್ಯೆಗಳನ್ನು ನಂಬುವ ಮಟ್ಟಕ್ಕೆ ಬರಲು ಮೊದಲ ಎರಡು ತಿಂಗಳು ದಂಡವಾಯಿತು. ಬೆರಳು ಚುಚ್ಚಿ ಶುಗರ್ ನೋಡುವ ಮನೆಯ ಗ್ಲುಕೋಮೀಟರ್‌ಗೆ ಇರುವ ಅಳತೆಗೋಲೇ ಸಡಿಲ: 100ಕ್ಕಿಂತ ಮೇಲಿನ ಓದಿನಲ್ಲಿ (ರೀಡಿಂಗ್) ಶೇಕಡಾ 15 ಆಚೀಚೆ ಬಂದರೂ ಯಂತ್ರ ಸರಿಯಿದೆ ಅಂತಲೇ ಲೆಕ್ಕ. ನಿಜವಾದ 140 ನಿಮಗೆ 119 ಆಗಿಯೂ ಕಾಣಬಹುದು, 161 ಆಗಿಯೂ ಕಾಣಬಹುದು. ಹಾಗಾಗಿ ಒಂದು ಸಲ ಚುಚ್ಚಿ "ಇದು ಆಗುತ್ತೆ, ಅದು ಆಗಲ್ಲ" ಅನ್ನುವುದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಒಂದೇ ಊಟವನ್ನು ಒಂದು ಕ್ರಮದಲ್ಲಿ ಮೂರು ದಿನ, ಇನ್ನೊಂದು ಕ್ರಮದಲ್ಲಿ ಮೂರು ದಿನ ತಿಂದು ಸರಾಸರಿ ತೆಗೆದ ಮೇಲೆಯೇ ವ್ಯತ್ಯಾಸ ಕಣ್ಣಿಗೆ ಕಂಡಿದ್ದು. ಗಂಟೆ ಎಣಿಸಬೇಕಾದ್ದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದ ಅಲ್ಲ.

ಕೈ ತೊಳೆಯುವ ವಿಷಯದಲ್ಲೇ ಇನ್ನೊಂದು ಪೆಟ್ಟು. ಕಿತ್ತಳೆ ಸುಲಿದ ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಚುಚ್ಚಿದರೆ ಓದು ಸುಳ್ಳೇ ಮೇಲಕ್ಕೆ ಹೋಗುತ್ತೆ. ಚರ್ಮದ ಮೇಲೆ ಉಳಿದ ಹಣ್ಣಿನ ಸಕ್ಕರೆ ಸ್ಪಿರಿಟ್ಟಿಗೆ ಪೂರ್ತಿ ಹೋಗಲ್ಲ. ಸೋಪು, ಹರಿಯುವ ನೀರು, ಚೆನ್ನಾಗಿ ಒರೆಸಿದ ಒಣ ಬೆರಳು, ಇದೇ ಸರಿಯಾದ ದಾರಿ. ಮಳೆಗಾಲದಲ್ಲಿ ಸ್ಟ್ರಿಪ್ (ರಕ್ತದ ಹನಿ ತಾಗಿಸಿ ಯಂತ್ರಕ್ಕೆ ಹಾಕುವ ಪಟ್ಟಿ) ಡಬ್ಬಿಯ ಮುಚ್ಚಳ ತೆರೆದೇ ಇಟ್ಟು ಅರ್ಧ ಡಬ್ಬಿ ಕಳೆದುಕೊಂಡದ್ದೂ ಉಂಟು. ತೇವ ತಾಗಿದ ಸ್ಟ್ರಿಪ್ ಮನಬಂದಂತೆ ಓದುತ್ತದೆ.

ದುಡ್ಡು ಹೋಗಿದ್ದೇ ಸ್ಟ್ರಿಪ್ಪಿಗೆ. ಒಂದು ಊಟಕ್ಕೆ ಮೂರು ಸಲ ಚುಚ್ಚಿದರೆ (ಊಟಕ್ಕೆ ಮೊದಲು, ಒಂದು ಗಂಟೆಗೆ, ಎರಡು ಗಂಟೆಗೆ) ಒಂದು ಪ್ರಶ್ನೆಗೆ ಆರು ದಿನ, ಹದಿನೆಂಟು ಸ್ಟ್ರಿಪ್. ಮೊದಲ ಮೂರು ತಿಂಗಳು ತರಕಾರಿಗಿಂತ ಸ್ಟ್ರಿಪ್ಪಿಗೇ ಹೆಚ್ಚು ಸುರಿದೆ. ಆಮೇಲೆ ಒಂದು ಗಂಟೆಯ ಓದೊಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟೆ, ಖರ್ಚು ಮೂರನೇ ಒಂದಕ್ಕೆ ಇಳಿಯಿತು. ಹೋಲಿಕೆಗೆ ಅಷ್ಟು ಸಾಕು. ನಾರಿನ ಪುಡಿ, ವಿಟಮಿನ್ ಡಬ್ಬಿಗಳಿಗೆ ಕೊಟ್ಟ ಹಣ ಮಾತ್ರ ಪೂರ್ತಿ ನಷ್ಟ, ನನ್ನ ಲೆಕ್ಕದಲ್ಲಿ ಒಂದು ಅಂಕಿಯೂ ಕದಲಲಿಲ್ಲ.

ಹಾಗಾದರೆ ಕಾಲದ ತರಕಾರಿಯೇ ಯಾಕೆ? ದಿನಕ್ಕೆ ಎರಡು ಊಟ, ತಲಾ 200 ಗ್ರಾಂ ಅಂದರೆ ಒಬ್ಬರಿಗೇ ತಿಂಗಳಿಗೆ 12 ಕೆಜಿ. ಕಾಲವಲ್ಲದ ಕಾಲದಲ್ಲಿ ಬೀನ್ಸ್ ಕೊಳ್ಳುತ್ತಾ ಕೂತರೆ ಎರಡನೇ ತಿಂಗಳಿಗೇ ಜೇಬು ಬರಿದಾಗಿ ಈ ಕ್ರಮವೇ ನಿಂತುಹೋಗುತ್ತೆ. ಸುಗ್ಗಿಯಲ್ಲಿ ಬಂದದ್ದು ಅಗ್ಗ, ಎಳೆಯದು, ರುಚಿಯೂ ಹೆಚ್ಚು. ರುಚಿಯಿಲ್ಲದ ತರಕಾರಿಯನ್ನು ಖಾಲಿ ಹೊಟ್ಟೆಗೆ 200 ಗ್ರಾಂ ತಿನ್ನಲು ಯಾರಿಂದಲೂ ಆಗಲ್ಲ, ಇದು ಅನುಭವದ ಮಾತು. ಸೊಪ್ಪಿನ ವಿಟಮಿನ್ ಸಿ ಅಂತೂ ಕೊಯ್ದ ಗಳಿಗೆಯಿಂದಲೇ ಇಳಿಯಲು ಶುರು, ದೂರದಿಂದ ಬಂದು ದಿನಗಟ್ಟಲೆ ಕೂತ ಸೊಪ್ಪಿನಲ್ಲಿ ಉಳಿಯುವುದು ಅಲ್ಪ.

ಆಲೂಗಡ್ಡೆ, ಮೆಕ್ಕೆಜೋಳ, ಗೆಣಸು ಈ 200 ಗ್ರಾಮಿನ ಲೆಕ್ಕಕ್ಕೆ ಬರಲ್ಲ, ಅವು ಅನ್ನದ ಸಾಲಿನವು. ಇದನ್ನು ಮರೆತ ವಾರಗಳಲ್ಲಿ ಓದು ಮತ್ತೆ 160 ದಾಟಿತು. ಹಸಿ ಸಲಾಡ್ ಕೂಡ ನನಗೆ ಒಗ್ಗಲಿಲ್ಲ: ಅಷ್ಟನ್ನು ಅಗಿಯಲು ಕಾಲು ಗಂಟೆ, ಆಮೇಲೆ ಹೊಟ್ಟೆಯುಬ್ಬರ. ಈಗ ಸ್ವಲ್ಪ ಕಚಕಚ ಉಳಿಯುವಷ್ಟು ಬೇಯಿಸಿ ಒಂದು ಚಮಚ ಎಣ್ಣೆ ಹಾಕುತ್ತೇನೆ. ಕ್ಯಾರೆಟ್, ಸೊಪ್ಪಿನ ಕೆರೋಟಿನ್ (ಮೈಯೊಳಗೆ ವಿಟಮಿನ್ ಎ ಆಗುವ ಅಂಶ) ಮೈಗೆ ಹತ್ತಬೇಕಾದರೆ ಎಣ್ಣೆ ಬೇಕೇ ಬೇಕು. ಅಭ್ಯಾಸವಿಲ್ಲದವರು ಮೊದಲ ವಾರ 80 ಗ್ರಾಂ, ಮುಂದಿನ ವಾರ 120, ಹೀಗೆ ಏರಿಸಬೇಕು. ಒಮ್ಮೆಲೇ 200ಕ್ಕೆ ಹೋದರೆ ವಾಯು ಕಾಡಿ ಮೂರನೇ ದಿನಕ್ಕೇ ಬಿಡುತ್ತಾರೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬಾರದು, ವಿಟಮಿನ್ ಕೆ ಆ ಔಷಧಿಗೆ ಎದುರಾಗಿ ಕೆಲಸ ಮಾಡುತ್ತೆ. ಕಿಡ್ನಿ ತೊಂದರೆ ಇರುವವರಿಗೂ ಅದೇ ಮಾತು, ಅಲ್ಲಿ ಪೊಟ್ಯಾಸಿಯಂ ಲೆಕ್ಕ ಬೇರೆ.

ಸುಗ್ಗಿಯ ಹೆಚ್ಚುವರಿಯನ್ನು ಎರಡು ರೀತಿ ಉಳಿಸುತ್ತೇನೆ. ಬೀನ್ಸ್, ಬಟಾಣಿಗೆ ಫ್ರೀಜರ್: ಅರ್ಧ ಕೆಜಿಗೆ ನಾಲ್ಕು ಲೀಟರ್ ಕುದಿನೀರು, ಬೀನ್ಸ್ ಮೂರು ನಿಮಿಷ, ಬಟಾಣಿ ಒಂದೂವರೆ, ತಕ್ಷಣ ಐಸ್ ನೀರು, ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ ಚೀಲಕ್ಕೆ. ಕುದಿನೀರಿನ ಹಂತ ಬಿಟ್ಟರೆ ಕಿಣ್ವಗಳು ಫ್ರೀಜರಿನೊಳಗೂ ಕೆಲಸ ಮಾಡಿ ಎರಡು ತಿಂಗಳಿಗೆ ಒಣಹುಲ್ಲಿನ ರುಚಿ ಬರುತ್ತೆ. ಆರು ಕೆಜಿ ಬೀನ್ಸ್ ಹೀಗೆ ಚೆಲ್ಲಿದ ಮೇಲೆ ಈ ಪಾಠ ಬಂತು.

ಎಲೆಕೋಸಿಗೆ ಉಪ್ಪು. ಕೆಜಿಗೆ 20ರಿಂದ 25 ಗ್ರಾಂ, ತೂಗಿಯೇ ಹಾಕಬೇಕು, ಕಣ್ಣಳತೆ ಬೇಡ. ಹೆಚ್ಚಿ, ಉಪ್ಪು ಬೆರೆಸಿ, ಹತ್ತು ನಿಮಿಷ ಹಿಸುಕಿದರೆ ತನ್ನ ನೀರು ತಾನೇ ಬಿಡುತ್ತೆ. ಆ ನೀರಿನಲ್ಲಿ ಮುಳುಗುವಂತೆ ಜಾಡಿಗೆ ಒತ್ತಿ, ಮೇಲೆ ಭಾರ ಇಡಬೇಕು. 20 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ವಾರ, ಸೆಕೆಯಲ್ಲಿ ಐದಾರು ದಿನಕ್ಕೇ ಹುಳಿ. ನೀರಿನ ಮೇಲೆ ಎದ್ದ ತುಣುಕಿಗೇ ಬೂಷ್ಟು ಹಿಡಿಯೋದು. ಬಿಳಿ ತೆಳು ಪೊರೆ ಬಂದರೆ ತೆಗೆದುಹಾಕಿ, ಕೂದಲಿನಂತೆ ಎದ್ದ ಹಸಿರು, ಕಪ್ಪು, ಗುಲಾಬಿ ಬೂಷ್ಟು ಕಂಡರೆ ಜಾಡಿಯನ್ನೇ ಸುರಿದುಬಿಡಿ. ಬೇಸಿಗೆಯಲ್ಲಿ ಕೋಸು ಮೆತ್ತಗಾಗುವುದು ಎಲ್ಲರ ದೂರು. ನಾನು ಜಾಡಿಯ ತಳಕ್ಕೆ ಒಂದು ಬಗೆಯ ಎಲೆ ಹಾಕುತ್ತೇನೆ, ಗರಿಗರಿಯಾಗಿಯೇ ಉಳಿಯುತ್ತೆ. ಯಾವ ಎಲೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ತಿನ್ನುವಾಗ 50 ಗ್ರಾಂ ಮಿತಿ, ಅದರಲ್ಲೇ ಒಂದು ಗ್ರಾಮಿನಷ್ಟು ಉಪ್ಪಿದೆ, ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು.

ಹಣ್ಣಿನ ಬಗ್ಗೆ ಅನಗತ್ಯ ಭಯ ಹಬ್ಬಿದೆ. ಕಲ್ಲಂಗಡಿಯ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ಎಷ್ಟು ಬೇಗ ಶುಗರ್ ಏರಿಸುತ್ತೆ ಅನ್ನುವ ಅಳತೆ) ಜಾಸ್ತಿ ಅಂತ ಹೆದರಿಸುತ್ತಾರೆ, ಆದರೆ 100 ಗ್ರಾಮಿನಲ್ಲಿ ಪಿಷ್ಟ-ಸಕ್ಕರೆ ಇರುವುದು ಏಳೂವರೆ ಗ್ರಾಂ. 200 ಗ್ರಾಂ ತಿಂದರೂ 15 ಗ್ರಾಂ. ಅದೇ ತೂಕದ ದ್ರಾಕ್ಷಿಯಲ್ಲಿ 35ರ ಹತ್ತಿರ. ಸೀಬೆಯಲ್ಲಿ ನಾರೇ 100ಕ್ಕೆ 5 ಗ್ರಾಂ, ನನ್ನ ಮೊದಲ ಆಯ್ಕೆ ಅದು. ಊಟದ ಕೊನೆಗೆ ತೂಗಿದ ಹಣ್ಣು ತಿನ್ನುವುದರಿಂದ ಕೆಡುಕಾಗಲಿಲ್ಲ, ಅಷ್ಟು ಅನ್ನ ಕಡಿಮೆ ಮಾಡಿದರೆ ಸರಿ. ಕೆಡಿಸಿದ್ದು ಸೋಸಿದ ರಸ: ಮೂರು ಕಿತ್ತಳೆಯ ರಸ ಬರಿಹೊಟ್ಟೆಗೆ ಕುಡಿದಾಗ 180 ಮುಟ್ಟಿತ್ತು.

ನಡುವೆ ಕೆಲವು ಪ್ರಯೋಗಗಳೂ ನಡೆದವು. ವಿನಿಗರ್ ಒಂದು ದೊಡ್ಡ ಚಮಚ ನೀರಿಗೆ ಹಾಕಿ ಊಟಕ್ಕೆ ಮುಂಚೆ: ಹತ್ತು ಅಂಕಿ ಇಳಿದಂತೆ ಕಂಡರೂ ಎದೆಯುರಿ ಶುರುವಾಯಿತು, ಹಲ್ಲಿನ ಮೇಲ್ಪದರಕ್ಕೂ ಒಳ್ಳೆಯದಲ್ಲ, ಬಿಟ್ಟೆ. ಅನ್ನವನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದರೆ ಪಿಷ್ಟದ ಒಂದಂಶ ಜೀರ್ಣವಾಗದ ರೂಪಕ್ಕೆ ತಿರುಗುತ್ತೆ. ಇದು ನಿಜವೇ, ಲಾಭ ಮಾತ್ರ ಸಣ್ಣದು. ಮಾಡುವವರು ಅನ್ನವನ್ನು ಅಗಲ ತಟ್ಟೆಗೆ ಹರಡಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಹೊರಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಕುದಿಸಿದರೂ ಹೋಗಲ್ಲ. ಕಾಳಿನ ಪಾಲಿಗೆ ರಾಜ್ಮಾ ಮಾಡುವವರು ಅದನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಬೇಯಿಸಲೇಬೇಡಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕೊತಕೊತ ಕುದಿಸಿದರೇ ಅದರಲ್ಲಿರುವ ಲೆಕ್ಟಿನ್ ಅನ್ನುವ ವಿಷದ ಪ್ರೋಟೀನ್ ನಾಶವಾಗೋದು.

ನಡಿಗೆಯನ್ನು ಊಟ ಮುಗಿದ ಹತ್ತು ನಿಮಿಷದೊಳಗೆ ಶುರು ಮಾಡಿದಾಗ ಫಲ ಚೆನ್ನಾಗಿ ಸಿಕ್ಕಿತು. ಬೆಳಗಿನ ಒಂದು ಗಂಟೆಯ ವಾಕಿಂಗ್ ಊಟದ ನಂತರದ ಓದನ್ನು ಇಷ್ಟು ಇಳಿಸಲೇ ಇಲ್ಲ. ಕಾಲಿನ ಸ್ನಾಯು ದುಡಿಯುವಾಗ ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟದ ಕ್ರಮ, ನಡಿಗೆ ಎರಡನ್ನೂ ಒಟ್ಟಿಗೆ ಬದಲಿಸುವ ಮುನ್ನ ವೈದ್ಯರ ಹತ್ತಿರ ಡೋಸ್ ಮಾತಾಡಿ, ಶುಗರ್ ತೀರಾ ಕೆಳಗೆ ಬೀಳುವ ಅಪಾಯ ಇದೆ. ಐದು ಗಂಟೆ ನಿದ್ದೆಯಾದ ದಿನಗಳಲ್ಲಿ ಇದೇ ತಟ್ಟೆಗೆ 15–20 ಅಂಕಿ ಹೆಚ್ಚು ಕಂಡಿದೆ. ಅಂಥ ದಿನದ ಓದನ್ನು ಹೋಲಿಕೆಗೆ ಸೇರಿಸುವುದಿಲ್ಲ.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸುವಾಗ ಹಿಮೋಗ್ಲೋಬಿನ್ ಕೂಡ ನೋಡಿಸಿಕೊಳ್ಳಿ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತೆ. ಈಗ ಹಿಡಿದಿರುವುದು ರಾತ್ರಿ ಊಟವನ್ನು ಒಂಬತ್ತರಿಂದ ಏಳಕ್ಕೆ ತರುವ ಕೆಲಸ. ಬೆಳಗಿನ ಓದು 104ರ ಸುತ್ತ ಇದ್ದದ್ದು ಮೂರು ವಾರದಲ್ಲಿ 97ಕ್ಕೆ ಬಂದಿದೆ, ಚಳಿಗಾಲದ ಎಂಟು ವಾರ ಪೂರ್ತಿಯಾಗುವ ತನಕ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.