ಬೂರುಗದ ಹೂವು, ಅವರೆಕಾಳು, ಒಂದು ಮಡಕೆ: ಹಾಂಗ್‌ಕಾಂಗ್‌ನ ತಂಪು ಚಹಾ ನಾನು ಮಾಡಿಕೊಳ್ಳುವ ಬಗೆ

ಹಾಂಗ್‌ಕಾಂಗ್‌ನಲ್ಲಿ ಗಂಟಲು ಕೆರೆಯುತ್ತಿದೆ ಅಂದರೆ ಯಾರೂ ಮೊದಲು ಮಾತ್ರೆಯ ಹೆಸರು ಹೇಳುವುದಿಲ್ಲ. "ನಿನ್ನೆ ಏನು ತಿಂದೆ?" ಅಂತ ಕೇಳುತ್ತಾರೆ. ಕರಿದ ತಿಂಡಿ, ಲಿಚಿ, ದುರಿಯನ್, ರಾತ್ರಿ ನಿದ್ದೆಗೆಟ್ಟಿದ್ದು, ಎಲ್ಲವೂ ಮೈಗೆ ಉಷ್ಣ. ಮಾವಿನಹಣ್ಣು ಜಾಸ್ತಿ ತಿಂದು ಅಜ್ಜಿ ಹತ್ತಿರ ಬೈಸಿಕೊಂಡು ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಲಿಯಬೇಕಾಗಿದ್ದು ಕುದಿಸುವ ಬಗೆ. ಅದನ್ನು ನಮ್ಮ ಮಹಡಿಯ ಪಕ್ಕದ ಮನೆಯ ಪೋಪೋ ಹೇಳಿಕೊಟ್ಟರು. ಇಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ನಾನು ವೈದ್ಯೆಯಲ್ಲ. ಮನೆಮಂದಿಗೆ ಕುದಿಸಿ ಕೊಡುತ್ತೇನೆ, ನಾನೂ ಕುಡಿಯುತ್ತೇನೆ, ಅಷ್ಟೆ.

ಚಹಾ ಅಂದರೂ ಇದರಲ್ಲಿ ಚಹಾ ಎಲೆ ಇರುವುದು ಕಡಿಮೆ. ನಮ್ಮ ಲೆಕ್ಕದಲ್ಲಿ ಕಷಾಯವೇ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವ್ ಕಡೆ ಸೆಖೆ ಒಂದು ಕಡೆ, ಗಾಳಿಯಲ್ಲಿ ತೇವ ಇನ್ನೊಂದು ಕಡೆ. ಆ ಹವೆಗೆ ಹುಟ್ಟಿಕೊಂಡದ್ದು ಲ್ಯುಂಗ್ ಚಾ, ಅಂದರೆ ತಂಪು ಚಹಾ. ವಾಂಗ್ ಲೋ ಕಾಟ್ ಎಂಬ ತಂಪು ಚಹಾದ ಹೆಸರು ಗುವಾಂಗ್‌ಝೌನಲ್ಲಿ 1828ರಿಂದ ನಡೆದು ಬಂದಿದೆ. 2006ರಲ್ಲಿ ಚೀನಾ ಸರ್ಕಾರ ಈ ಚಹಾವನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿಸಿತು. ಅದೇ ಹೆಸರಿನ ಕೆಂಪು ಡಬ್ಬಿ ಈಗ ಎಲ್ಲಾ ಕಡೆ ಸಿಗುತ್ತದೆ. ಕುಡಿಯಲು ಚೆನ್ನಾಗಿದೆ. ಆದರೆ ಸಕ್ಕರೆ ನೀರು. ಅದನ್ನು ಔಷಧಿ ಅಂತ ಕುಡಿಯಬೇಡಿ.

ಬೀದಿ ಬದಿಯ ಹಳೇ ಅಂಗಡಿಗಳಲ್ಲಿ ಈಗಲೂ ಫಳಫಳ ಹೊಳೆಯುವ ದೊಡ್ಡ ತಾಮ್ರದ ಹಂಡೆ ಇಟ್ಟಿರುತ್ತಾರೆ. ನಿಂತಲ್ಲೇ ಬಟ್ಟಲು ಎತ್ತಿ ಕುಡಿದು ಹೋಗುವುದು. ಅಲ್ಲಿನ ರಾಜ ಇಪ್ಪತ್ನಾಲ್ಕು ರುಚಿಯ ಚಹಾ, 'ಯಾ ಸೇ ಮೇ'. ಎಣಿಸಿದರೆ ಇಪ್ಪತ್ನಾಲ್ಕು ಮೂಲಿಕೆ ಇದ್ದೇ ಇರುತ್ತದೆ ಅಂತೇನಿಲ್ಲ, ಅಂಗಡಿಗೊಂದು ಲೆಕ್ಕ. ರುಚಿ ಮಾತ್ರ ಒಂದೇ, ಕಹಿ. ನೆಲಬೇವಿನ ಕಷಾಯದಷ್ಟೇ ಕಹಿ. ಇದನ್ನು ನಾನು ಮನೆಯಲ್ಲಿ ಮಾಡುವುದಿಲ್ಲ. ಅದರಲ್ಲಿರುವ ಅರ್ಧಕ್ಕರ್ಧ ಎಲೆ, ಬೇರು ನನಗೆ ಗುರುತು ಸಿಗುವುದಿಲ್ಲ. ಗುರುತು ಸಿಗದ್ದನ್ನು ಒಲೆ ಮೇಲೆ ಇಡುವುದಿಲ್ಲ ಅಂತ ನನ್ನದೊಂದು ಹಟ.

ಆ ಹಟಕ್ಕೆ ಕಾರಣ ಇದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಮಾತ್ರೆ ತಿಂದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಯಿತು. 'ಫಾಂಗ್ ಜಿ' ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಬೇರುಗಳಿವೆ. ಒಂದರ ಬದಲು ಇನ್ನೊಂದು ಸೇರಿಹೋಗಿತ್ತು, ಅದರಲ್ಲಿದ್ದದ್ದು ಅರಿಸ್ಟೊಲೋಕಿಕ್ ಆ್ಯಸಿಡ್ ಎಂಬ ವಿಷ. ಬೇರಿನ ವಿಷಯ ಅಷ್ಟು ಸೂಕ್ಷ್ಮ. ಅದಕ್ಕೇ ನನ್ನ ಡಬ್ಬಿಗಳಲ್ಲಿ ಇರುವುದು ಹೂವು, ಹಣ್ಣು, ಕಾಳು, ಸಿಪ್ಪೆ ಮಾತ್ರ.

ಮನೆಯಲ್ಲಿ ಜಾಸ್ತಿ ಆಗುವುದು ಐದು ಹೂವಿನ ಚಹಾ, 'ಙ್ ಫಾ ಚಾ'. ಬೇಸಿಗೆಗೆ, ಬಾಯಿಹುಣ್ಣಿಗೆ, ಕಣ್ಣು ಉರಿಗೆ. ಐದರಲ್ಲಿ ಮೂರು ಹೂವು ನಮ್ಮೂರಿನವೇ! ಸೇವಂತಿಗೆ, ದೇವಗಣಗಿಲೆ, ಬೂರುಗದ ಹೂವು. ಉಳಿದೆರಡು ಹನಿಸಕಲ್ ಎಂಬ ಬಳ್ಳಿಯ ಮೊಗ್ಗು ಮತ್ತು ಪಗೋಡಾ ಮರದ ಮೊಗ್ಗು. ಒಬ್ಬೊಬ್ಬರು ಒಂದೊಂದು ಬದಲಾಯಿಸುತ್ತಾರೆ. ಬೂರುಗ ಗುವಾಂಗ್‌ಝೌ ನಗರದ ಹೂವು. ಮಾರ್ಚ್ ಹೊತ್ತಿಗೆ ಮರದ ಕೆಳಗೆ ಧೊಪ್ ಧೊಪ್ ಅಂತ ಬೀಳುತ್ತದೆ. ಅಜ್ಜಿಯರು ಚೀಲ ಹಿಡಿದು ಆರಿಸಿ, ಫುಟ್‌ಪಾತಿನ ಮೇಲೆ ಹರಡಿ ಒಣಗಿಸುತ್ತಾರೆ. ನಮ್ಮಲ್ಲಿ ಅದೇ ಹೂವನ್ನು ತುಳಿದುಕೊಂಡು ಹೋಗುತ್ತೇವೆ, ಅಲ್ವಾ.

ನಾನು ಕೊಳ್ಳುವುದು ಶ್ಯುಂಗ್ ವಾನ್ ಕಡೆಯ ಕೋ ಶಿಂಗ್ ಸ್ಟ್ರೀಟ್‌ನಲ್ಲಿ. ಬೀದಿ ಪೂರ್ತಿ ಮೂಲಿಕೆಯ ಸಗಟು ಅಂಗಡಿಗಳು. ಅಲ್ಲಿ ಇನ್ನೂ ಹಳೇ ತೂಕ ನಡೆಯುತ್ತದೆ. ಒಂದು ಲ್ಯುಂಗ್ ಅಂದರೆ ಸುಮಾರು 37.8 ಗ್ರಾಂ. ಸೇವಂತಿಗೆ ಕೊಳ್ಳುವಾಗ ಬಿಳುಪು ನೋಡಿ ಮರುಳಾಗಬಾರದು. ತುಂಬಾ ಬೆಳ್ಳಗಿದ್ದರೆ ಗಂಧಕದ ಹೊಗೆ ಹಾಕಿರುವ ಸಾಧ್ಯತೆ ಹೆಚ್ಚು. ಒಂದು ಹಿಡಿ ಮೂಗಿನ ಹತ್ತಿರ ತಂದರೆ ಹುಳಿ ಘಾಟು ಹೊಡೆಯುತ್ತದೆ. ಒಳ್ಳೆಯದು ತುಸು ಹಳದಿ, ತುಸು ಕಂದು, ವಾಸನೆ ಮೆಲ್ಲಗೆ. ನಾನು ಮೂಸಿ ನೋಡಿದರೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬದಲಿಗೆ ಅವರೇ ತಿರುಗಿ ಕೇಳುತ್ತಾರೆ: ಕುಡಿಯುವವರು ಯಾರು, ವಯಸ್ಸೆಷ್ಟು, ಬಸುರಿಯಾ? ಹಾಗೆ ಕೇಳದೆ ಕಟ್ಟಿಕೊಡುವ ಅಂಗಡಿಗೆ ನಾನು ಎರಡನೇ ಸಲ ಹೋಗುವುದಿಲ್ಲ.

ಮಾಡುವುದು ಕಷ್ಟ ಇಲ್ಲ. ಎರಡು ಲೀಟರ್ ನೀರಿಗೆ ಒಂದೊಂದು ಬಗೆಯ ಹೂವು ಹತ್ತು ಗ್ರಾಂ. ಒಣಗಿದ ಬೂರುಗದ ಹೂವು ಕಂದು ಮುದ್ದೆ. ದಳ ಬಿಡಿಸಿ ತೊಳೆಯದಿದ್ದರೆ ದಳಗಳ ನಡುವಿನ ಮರಳು, ಸತ್ತ ಇರುವೆ ಎಲ್ಲ ಲೋಟಕ್ಕೇ. ತೊಳೆದು ತಣ್ಣೀರಲ್ಲಿ ಇಪ್ಪತ್ತು ನಿಮಿಷ ನೆನೆಸುತ್ತೇನೆ. ಮೊದಲು ಬೂರುಗ, ದೇವಗಣಗಿಲೆ, ಪಗೋಡಾ ಮೊಗ್ಗು ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಸೇವಂತಿಗೆ, ಹನಿಸಕಲ್ ಕೊನೆಯ ಐದಾರು ನಿಮಿಷಕ್ಕೆ ಸಾಕು, ಮುಚ್ಚಳ ಮುಚ್ಚಿಯೇ ಇರಬೇಕು. ಮೊದಲೇ ಹಾಕಿದರೆ ಪರಿಮಳ ಹೋಗಿ ಬರೀ ಕಹಿ ಉಳಿಯುತ್ತದೆ. ಮಣ್ಣಿನ ಮಡಕೆ ಆದರೆ ಒಳ್ಳೆಯದು, ಸ್ಟೀಲೂ ನಡೆಯುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಸೋಸಿ, ಚೂರು ಕಲ್ಲುಸಕ್ಕರೆ ಹಾಕಿ, ಬೆಚ್ಚಗೆ ಕುಡಿಯುವುದು. ದಿನಕ್ಕೊಂದು ಲೋಟ, ಎರಡು ಮೂರು ದಿನ. ಆಮೇಲೆ ನಿಲ್ಲಿಸಬೇಕು. ತಂಪು ಅಂತ ದಿನಾ ಕುಡಿದರೆ ಹೊಟ್ಟೆ ಕೆಡುತ್ತದೆ ಅಂತ ಪೋಪೋ ಪದೇ ಪದೇ ಹೇಳುತ್ತಾರೆ. ಮುಟ್ಟಿನ ದಿನಗಳಲ್ಲಿ, ಭೇದಿ ಆಗುತ್ತಿದ್ದಾಗ, ಬಸುರಿಯರಿಗೆ ಇದು ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ (ಹುಟ್ಟಿನಿಂದ ಬರುವಂಥದ್ದು, ಕೆಂಪು ರಕ್ತಕಣ ಬೇಗ ಒಡೆಯುತ್ತದೆ) ಇರುವ ಮಕ್ಕಳಿಗೆ ಹನಿಸಕಲ್ ಕೊಡಬಾರದು ಅಂತ ಇಲ್ಲಿನ ತಾಯಂದಿರಿಗೆ ಹೆರಿಗೆ ಆಸ್ಪತ್ರೆಯಿಂದಲೇ ಗೊತ್ತಿರುತ್ತದೆ.

ಇದರಿಂದ ಏನಾಗುತ್ತದೆ? ಬಾಯಿಹುಣ್ಣಿನ ಉರಿ ತಗ್ಗುತ್ತದೆ, ಗಂಟಲಿಗೆ ಹಿತ ಆಗುತ್ತದೆ. ಅದರಲ್ಲಿ ಹೂವಿನ ಪಾಲೆಷ್ಟು, ಬೆಚ್ಚಗಿನ ನೀರಿನ ಪಾಲೆಷ್ಟು ಅಂತ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಜ್ವರ ಇದ್ದರೆ, ಮೂರು ದಿನಕ್ಕೂ ಇಳಿಯದಿದ್ದರೆ, ಡಾಕ್ಟರ ಹತ್ತಿರ.

ಮಾರ್ಚ್, ಏಪ್ರಿಲ್‌ನಲ್ಲಿ ಬೇರೆ ಕಾಟ. ಗೋಡೆ ಬೆವರುತ್ತದೆ, ನೆಲ ಜಾರುತ್ತದೆ, ಬಟ್ಟೆ ಒಣಗುವುದಿಲ್ಲ. ಮೈಯೊಳಗೂ ತೇವ ಸೇರಿಕೊಳ್ಳುತ್ತದೆ ಅಂತ ಇಲ್ಲಿಯವರ ನಂಬಿಕೆ. ಮೈ ಭಾರ, ಹೊಟ್ಟೆ ಉಬ್ಬರ. ಅದಕ್ಕೆ ಕಾಳಿನ ನೀರು. ಯಿ ಮೈ ಎಂಬ ಕಾಳು (ಪ್ಯಾಕೆಟ್ ಮೇಲೆ ಚೈನೀಸ್ ಬಾರ್ಲಿ ಅಂತ ಬರೆದಿರುತ್ತದೆ, ಬಾರ್ಲಿ ಅಲ್ಲ), ಸಣ್ಣ ಕೆಂಪು ಕಾಳು, ಮತ್ತೆ ಬಿಳಿ ಅವರೆ. ಹೌದು, ನಮ್ಮ ಅವರೆಯೇ. ಚೀನೀ ಔಷಧಿ ಅಂಗಡಿಯಲ್ಲಿ ಗಾಜಿನ ಭರಣಿಯೊಳಗೆ ಗತ್ತಿನಿಂದ ಕೂತಿರುತ್ತದೆ. ಹಾಸನದಿಂದ ಬಂದಿದ್ದ ನಮ್ಮತ್ತೆ ಪೊಟ್ಟಣ ಬಿಚ್ಚಿ ನೋಡಿ, "ಅಲ್ವೇ, ಅವರೆಕಾಳಿಗೆ ಔಷಧಿ ಅಂಗಡಿಗೆ ಹೋಗಿದ್ಯಾ? ಹೇಳಿದ್ರೆ ನಾನೇ ಊರಿಂದ ತರ್ತಿದ್ನಲ್ಲ" ಅಂದರು. ಮುಂದಿನ ಸಲ ತಂದರು ಕೂಡ. ಮೂರನ್ನೂ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದು, ಒಂದು ತುಂಡು ಒಣ ಕಿತ್ತಳೆ ಸಿಪ್ಪೆ ಹಾಕಿ, ಗಂಟೆಗಟ್ಟಲೆ ಕುದಿಸಬೇಕು. ಸಿಪ್ಪೆ ಸಿನ್‌ಹುಯಿ ಊರಿನದಾದರೆ ಹೆಚ್ಚು ಬೆಲೆ. ಕಡಿಮೆ ಅಂದರೂ ಮೂರು ವರ್ಷ ಹಳೆಯದಾಗಿರಬೇಕು. ನೀರು ಕುಡಿದು, ಬೆಂದ ಕಾಳನ್ನು ನಾನು ಸಾರಿಗೆ ಹಾಕುತ್ತೇನೆ. ಪೋಪೋಗೆ ಇದು ತಮಾಷೆ. ಯಿ ಮೈ ಕೂಡ ಬಸುರಿಯರಿಗೆ ಆಗದು.

ಇನ್ನು ವಯಸ್ಸಿನ ವಿಷಯ. ಗೋಜಿ ಎಂಬ ಸಣ್ಣ ಕೆಂಪು ಒಣಹಣ್ಣು, ಸೇವಂತಿಗೆ, ಫ್ಲಾಸ್ಕಿನಲ್ಲಿ ಬಿಸಿನೀರು, ಇದು ಚೀನಾದ ನಡುವಯಸ್ಸಿನ ಗುರುತು. 2017ರಲ್ಲಿ ಬ್ಲ್ಯಾಕ್ ಪ್ಯಾಂಥರ್ ರಾಕ್ ತಂಡದ ಡ್ರಮ್ಮರ್ ಝಾವ್ ಮಿಂಗ್ಯಿ ಫ್ಲಾಸ್ಕ್ ಹಿಡಿದಿದ್ದ ಫೋಟೋ ಹರಿದಾಡಿ ದೇಶವೇ ನಕ್ಕಿತು. ನನ್ನ ಆಫೀಸ್ ಮೇಜಿನ ಮೇಲೂ ಈಗ ಅದೇ ಇದೆ. ಗೋಜಿ ಕಣ್ಣಿಗೆ ಒಳ್ಳೆಯದು ಅನ್ನಿಸಿಕೊಳ್ಳುವುದು ಅದರಲ್ಲಿನ ಝಿಯಾಕ್ಸಾಂಥಿನ್ ಎಂಬ ಬಣ್ಣದ ಅಂಶದ ದೆಸೆಯಿಂದ. ಅದು ಜಿಡ್ಡಿನಲ್ಲಿ ಕರಗುವಂಥದ್ದು, ನೀರಿಗೆ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಹಣ್ಣನ್ನೂ ಅಗಿದು ತಿನ್ನುತ್ತೇನೆ. ನನಗೆ ಕಣ್ಣಿಗೆ ಕಂಡ ಲಾಭ ಅಂದರೆ ಎರಡು ಚಮಚ ಸಕ್ಕರೆಯ ಸಂಜೆ ಕಾಫಿ ತಪ್ಪಿತು, ನಿದ್ದೆ ಬೇಗ ಬರುತ್ತದೆ.

ಅತ್ತೆಗೆ ಮಾತ್ರ ಈ ಫ್ಲಾಸ್ಕ್ ಕೊಡುವುದಿಲ್ಲ. ಅವರು ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಗೋಜಿ ಜೊತೆ ಸೇರಿದರೆ ರಕ್ತ ಹೆಚ್ಚು ತೆಳುವಾದ ಪ್ರಕರಣಗಳಿವೆ. ಬಿಪಿ ಇರುವುದರಿಂದ ಜ್ಯೇಷ್ಠಮಧುವೂ ಬೇಡ, ಅದು ಬಿಪಿ ಏರಿಸುತ್ತದೆ. ಕೂದಲು ಕಪ್ಪಾಗುತ್ತದೆ ಅಂತ ಮಾರುವ ಹೋ ಸಾವ್ ವೂ ಬೇರನ್ನು ಮನೆಯಲ್ಲಿ ಯಾರಿಗೂ ಕೊಡಲಾರೆ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅತ್ತೆಗೆ ಬಿಳಿ ಕೂದಲೇ ಚೆಂದ.

ಬೆಂಗಳೂರಿನ ಗೆಳತಿಯರು ಕೇಳುವುದು ಒಂದೇ ಪ್ರಶ್ನೆ: ಇಲ್ಲೂ ಸೇವಂತಿಗೆ ಇದೆಯಲ್ಲ, ಮಾಡಬಹುದಾ? ಕೆ.ಆರ್. ಮಾರ್ಕೆಟ್ಟಿನ ಸೇವಂತಿಗೆ ಪೂಜೆಗೆ, ಮುಡಿಯಲು ಬೆಳೆದದ್ದು. ಅದಕ್ಕೆ ಹೊಡೆದ ಔಷಧಿ ಕುಡಿಯುವವರನ್ನು ನೆನೆಸಿಕೊಂಡು ಹೊಡೆದದ್ದಲ್ಲ. ದೇವಗಣಗಿಲೆಯನ್ನೂ ಮರದಿಂದ ಕಿತ್ತು ಕುದಿಸಬೇಡಿ, ಅದರ ಹಾಲು ಆಗಿಬರುವುದಿಲ್ಲ. ಕುಡಿಯಲೆಂದೇ ಒಣಗಿಸಿದ ಸೇವಂತಿಗೆ ಚಹಾ ಅಂತ ಪ್ಯಾಕೆಟ್‌ನಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ನಾಲ್ಕೈದು ಹೂವಿಗೆ ಒಂದು ಲೋಟ ಬಿಸಿನೀರು. ಸಿಗಲಿಲ್ಲವಾ, ಹುರಿದ ಅವರೆ ನೀರು ಹೇಗೂ ಇದೆ.