ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗ: ಗುರಿಯಿಟ್ಟ ಚಿಕಿತ್ಸೆಗೆ ಸಿದ್ಧರಾಗುವ ಬಗೆ

ಲೂಪಸ್ ಎಂದರೆ ರೋಗನಿರೋಧಕ ಶಕ್ತಿಯು ದೇಹದ ಅಂಗಗಳ ಮೇಲೆಯೇ ಎರಗುವ ಕಾಯಿಲೆ. ಅದು ಮೂತ್ರಪಿಂಡಕ್ಕೆ ತಗುಲಿ ಕುಂಬಳೆ, ಮಂಜೇಶ್ವರದ ಕಡೆಯಿಂದ ಮಂಗಳೂರಿನ ಮೂತ್ರಪಿಂಡ ತಜ್ಞರಲ್ಲಿಗೆ ಹೋಗುವವರು ಬಯಾಪ್ಸಿ (ಮೂತ್ರಪಿಂಡದ ಚೂರು ತೆಗೆದು ಮಾಡುವ ಪರೀಕ್ಷೆ) ವರದಿಯನ್ನು ಫೈಲಿನ ಮೇಲ್ಭಾಗದಲ್ಲೇ ಇಟ್ಟುಕೊಳ್ಳಬೇಕು. ಅದರಲ್ಲಿ ಕಂಡ ಹಾನಿ ಮೂರನೆಯ, ನಾಲ್ಕನೆಯ, ಐದನೆಯ ವರ್ಗಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬುದನ್ನು ನೋಡಿಯೇ ವೈದ್ಯರು ಔಷಧವನ್ನು ಆರಿಸುತ್ತಾರೆ. ಎಷ್ಟು ಪ್ರೋಟೀನ್ ಸೋರುತ್ತಿದೆ ಎಂದು ತೋರಿಸುವ, ಬೆಳಗಿನ ಮೊದಲ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತದ ಹಳೆಯ ವರದಿಗಳನ್ನೂ ತಾರೀಕಿನ ಕ್ರಮದಲ್ಲಿ ಜೋಡಿಸಿರಿ.

ಹಳೆಯ ಔಷಧಗಳಾದ ಸ್ಟೀರಾಯ್ಡ್ ಮತ್ತು ಮೈಕೋಫಿನೊಲೇಟ್ ರೋಗನಿರೋಧಕ ಶಕ್ತಿಯನ್ನು ವ್ಯಾಪಕವಾಗಿ ತಗ್ಗಿಸುತ್ತವೆ. ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಈ ಕಾಯಿಲೆಗೆ ಅನುಮೋದನೆ ಪಡೆದ ಬೆಲಿಮುಮ್ಯಾಬ್, ಬಿ ಕೋಶಗಳನ್ನು (ರೋಗನಿರೋಧಕ ಬಿಳಿ ರಕ್ತಕಣಗಳ ಒಂದು ಬಗೆ) ಬದುಕಿಸಿಡುವ ಒಂದು ಪ್ರೋಟೀನನ್ನು ಮಾತ್ರ ತಡೆಯುತ್ತದೆ. 2021ರ ಜನವರಿಯಲ್ಲಿ ಅನುಮೋದನೆಯಾದ ವೋಕ್ಲೋಸ್ಪೊರಿನ್, ಅಂಥ ಕಣಗಳ ಇನ್ನೊಂದು ಬಗೆಯಾದ ಟಿ ಕೋಶಗಳ ಉದ್ರೇಕವನ್ನು ಇಳಿಸಿ, ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಆದರೆ ಅದು ರಕ್ತದೊತ್ತಡವನ್ನು ಏರಿಸಬಹುದಾದ್ದರಿಂದ ಮನೆಯಲ್ಲೇ ಬಿ.ಪಿ. ಅಳೆದು ಪುಸ್ತಕದಲ್ಲಿ ಬರೆದಿಡಬೇಕು. ಬಿ ಕೋಶಗಳನ್ನೇ ನಾಶಮಾಡುವ ರಿಟುಕ್ಸಿಮ್ಯಾಬ್ ಕೊಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು.

ಬೆಲಿಮುಮ್ಯಾಬ್, ವೋಕ್ಲೋಸ್ಪೊರಿನ್‌ಗಳನ್ನು ಸಾಮಾನ್ಯವಾಗಿ ಹಳೆಯ ಔಷಧಗಳ ಜೊತೆಗೇ ಕೊಡುತ್ತಾರೆ. ಆದ್ದರಿಂದ ಹೊಸ ಔಷಧ ಶುರುವಾಯಿತೆಂದು, ಲೂಪಸ್‌ಗೆ ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬಹಳ ಅಪಾಯಕಾರಿ ಎಂದು ಒತ್ತಿ ಹೇಳುತ್ತೇನೆ. ಮೈಕೋಫಿನೊಲೇಟ್ ಭ್ರೂಣಕ್ಕೆ ಹಾನಿ ಮಾಡುವುದರಿಂದ, ಮಗು ಬೇಕೆನ್ನುವ ಹೆಣ್ಣುಮಕ್ಕಳು ಆ ಮಾತನ್ನು ಸಂಕೋಚಪಡದೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ತಿಳಿಸಬೇಕು. ಜ್ವರ ಬಂದರೆ ಮುಂದಿನ ಡೋಸಿಗೆ ಮೊದಲು ಫೋನು ಮಾಡಿ ಕೇಳಿರಿ.